ನೀರು ಕುಡಿಯುವ ನೆಲ

ಗಾಜು ಒಡೆದಿತ್ತು. ಆಟೊದಿಂದ ಇಳಿದವಳೇ ಅರ್ಚನ ಮೊದಲು ನೋಡಿದ್ದು ಅದನ್ನು, ನೋಡಿದ್ದು ಯಾರಿಗೂ ತಿಳಿಯದ ಹಾಗೆ. ಆಂಡರ್ಸನ್‌ಪೇಟೆಯ ಅಂಗಡಿಬೀದಿಯಲ್ಲಿ ಬೇಕರಿಯ ಷಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ಹೂವಿನವಳು ಬಾಳೆನಾರು ನೆನೆಹಾಕುತ್ತಿದ್ದಳು. ಬೇಕರಿಯ ಮುಂದೆ ಹೋದ ವಾರವಷ್ಟೇ ಕೂರಿಸಿದ ಕಲ್ಲುಬೆಂಚು. ಅದರ ಕೆಳಗಿನ ಕಾಂಕ್ರೀಟ್ ಹಾಸು ಫುಟ್‌ಪಾತಿನ ಅಂಚುಗಲ್ಲಿಗೆ ಸೇರುವಲ್ಲಿ ಕೂದಲೆಳೆಯಂಥ ಬಿರುಕು. ಆ ಬಿರುಕಿಗೆ ಅಡ್ಡವಾಗಿ, ಎರಡೂ ತುದಿಗೆ ಸಿಮೆಂಟಿನ ಚಿಕ್ಕ ಉಂಡೆ ಮೆತ್ತಿ ಕೂರಿಸಿದ್ದ ಬೆರಳಗಲದ ಗಾಜಿನ ಪಟ್ಟಿ. ನೆಲ ಅಲುಗಿದರೆ ಗಾಜು ಒಡೆಯುತ್ತದೆ, ಅದಕ್ಕೇ ಹಳೆಯ ಗಣಿ ಕೆಲಸಗಾರ ಕುಪ್ಪುಸ್ವಾಮಿ ಅದನ್ನು ಅಲ್ಲಿಟ್ಟಿದ್ದ. ನಿನ್ನೆ ಸಂಜೆ ರೈಲಿಗೆ ಹೊರಡುವಾಗ ಇಡಿಯಾಗಿತ್ತು. ಈಗ ನಡುವೆ ಎರಡಾಗಿ, ಒಂದು ತುಂಡು ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಕೆಳಗಿತ್ತು. ತಳ್ಳುಗಾಡಿಯ ಚಕ್ರ ಹತ್ತಿರಬೇಕು ಅಂದುಕೊಂಡಳು. ದನವೂ ತುಳಿದಿರಬಹುದು. ಚಕ್ರ ಹತ್ತಿದ್ದರೆ ಗಾಜು ಪುಡಿಯಾಗುತ್ತಿತ್ತು, ಹೀಗೆ ನೆಟ್ಟಗೆ ಸೀಳುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದಳು. ಎರಡೂ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನೊಳಗೆ, ಟಿಫಿನ್ ಡಬ್ಬಿಯ ಪಕ್ಕಕ್ಕೆ ಸೇರಿಸಿದಳು. ಉಳಿದ ಸಿಮೆಂಟಿನ ಉಂಡೆಗಳನ್ನು ಹಿಮ್ಮಡಿಯಿಂದ ಒತ್ತಿದಾಗ ಬಿಟ್ಟುಕೊಂಡು ಬಂದವು. ಅವನ್ನು ಕಾಲಿನಿಂದಲೇ ಚರಂಡಿಗೆ ದೂಡಿದಳು. ಇಷ್ಟಾದ ಮೇಲೆ ಗಡಿಯಾರ ನೋಡಿದಳು, ಎಂಟೂವರೆ. ಹೂವಿನವಳು ಇವಳ ಕಡೆ ನೋಡಿ ನಕ್ಕಳು. ಇವಳೂ ನಕ್ಕಳು.

ಇವತ್ತು ಮೂರು ಗಂಟೆಯೊಳಗೆ ಪಟ್ಟಿ ಮುಗಿಯಬೇಕಿತ್ತು. ಅಂಗಡಿಬೀದಿ ಸುಧಾರಣೆಯ ಯೋಜನೆಯಲ್ಲಿ ಇಪ್ಪತ್ತೈದು ಮರ, ಒಂಬತ್ತು ಬೆಂಚು, ಒಂದಿಷ್ಟು ದೀಪದ ಕಂಬ, ಕಸದ ತೊಟ್ಟಿ. ಬೆಂಚುಗಳು ಬಂದಾಗಿತ್ತು. ಮರದ ಗುಂಡಿಗಳು ಬಾಯಿ ತೆರೆದುಕೊಂಡು ತಿಂಗಳಾಗಿತ್ತು. ಯಾವ ಗುಂಡಿಗೆ ಯಾವ ಮರ ಎಂಬುದನ್ನು ಅಂಗಡಿಯವರನ್ನು ಕೇಳಿ ತೀರ್ಮಾನಿಸುವ ಕೆಲಸ ಅರ್ಚನಳದು. ಯೋಜನೆಯ ಕಚೇರಿಯಲ್ಲಿ ಅವಳು ಗುತ್ತಿಗೆಯ ಇಂಜಿನಿಯರ್, ಅಂದರೆ ತಿಂಗಳ ಕೊನೆಗೆ ಇರುತ್ತಾಳೋ ಇಲ್ಲವೋ ಎಂಬುದು ಮೇಲಧಿಕಾರಿ ಶ್ರೀಧರ್ ಸಾಹೇಬರ ಒಂದು ಟಿಪ್ಪಣಿಯ ಮೇಲೆ ನಿಂತದ್ದು. ಮಧ್ಯಾಹ್ನ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಮೊದಲ ಸಸಿ ನೆಡುವುದು, ಬೆಂಚಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು, ಬೇಕರಿಯಿಂದ ಪಫ್ ತರಿಸುವುದು, ಎಲ್ಲ ನಿನ್ನೆಯೇ ಮಾತಾಗಿತ್ತು. ಬ್ಯಾಗು ಹೆಗಲಿಗೇರಿಸಿಕೊಳ್ಳುವಾಗ ಒಳಗೆ ಗಾಜು ಡಬ್ಬಿಗೆ ತಾಗಿ ಸದ್ದಾಯಿತು. ಬೀದಿಯೆಲ್ಲ ಕೇಳಿಸಿಕೊಂಡಿತೇನೋ ಎಂದು ಅವಳ ಕಿವಿ ಬಿಸಿಯಾಯಿತು.

ಬೆಂಚಿರುವ ಜಾಗ ಮೊದಲು ಹದಿನೇಳನೆಯ ಗುಂಡಿಯಾಗಿತ್ತು. ಗುಂಡಿ ತೋಡಿದ ಮೇಲೆ ಪ್ರತಿಯೊಂದಕ್ಕೂ ನೀರು ತುಂಬಿ ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂದು ಬರೆಯಬೇಕಿತ್ತು. ಕೂಲಿಯ ಮುನಿಲಕ್ಷ್ಮಿ ಟ್ಯಾಂಕರಿನಿಂದ ಕೊಡದಲ್ಲಿ ಹಿಡಿದು ಸುರಿಯುವುದು, ಅರ್ಚನ ಗಡಿಯಾರ ನೋಡುವುದು. ಮುಕ್ಕಾಲು ಗಂಟೆ, ಒಂದು ಗಂಟೆ, ಕೆಲವು ಕಡೆ ಮರುದಿನದವರೆಗೂ ನೀರು ನಿಂತು ಸೊಳ್ಳೆಯಾಡುತ್ತಿತ್ತು. ಹದಿನೇಳರ ಹತ್ತಿರ ಮುನಿಲಕ್ಷ್ಮಿ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಗುತ್ತಾ ನಿಂತಿದ್ದಳು. "ಮೇಡಮ್ಮೋರೇ, ಇದು ಒಳ್ಳೆ ಕುಡುಕನ ಅಂಗೆ ಕುಡೀತೈತೆ. ಎಂಟು ಕೊಡ ಉಯ್ದೆ, ಒಂದು ಗುಟುಕೂ ನಿಲ್ಲಿಲ್ಲ." ಅರ್ಚನ ಬಗ್ಗಿ ನೋಡಿದಾಗ ತಳದ ಮಣ್ಣು ಬರೀ ಒದ್ದೆಯಾಗಿತ್ತು. ಅವಳಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಸಂತೋಷವಾಗಿತ್ತು. ಬಂಗಾರಪೇಟೆಯ ಆಚೆ ಅವಳ ಅಪ್ಪ ಅಶ್ವತ್ಥಪ್ಪ ಮೋಟರು ಹಾಕಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದದ್ದು ಒಂದೇ ಮಾತು: ನೀರು ಬಿಟ್ಟರೆ ನೆಲ ಕುಡಿಯಬೇಕು, ನಿಲ್ಲಿಸಿಕೊಳ್ಳುವ ನೆಲ ಬೇರನ್ನು ಕೊಳೆಸುತ್ತದೆ. ಟೊಮೆಟೊ ಹಾಕುವ ತುಂಡಿಗೂ ಹಿಪ್ಪುನೇರಳೆ ಹಾಕುವ ತುಂಡಿಗೂ ಅವನು ಆರಿಸುತ್ತಿದ್ದದ್ದು ನೀರು ಕುಡಿಯುವ ನೆಲವನ್ನೇ. ಇದು ನಮ್ಮ ಕಡೆಯ ಮಣ್ಣು ಮುನಿಲಕ್ಷ್ಮಕ್ಕ, ಇಲ್ಲಿ ಹಾಕಿದ ಮರ ಎಲ್ಲದಕ್ಕಿಂತ ಮೊದಲು ಎದ್ದು ನಿಲ್ಲುತ್ತದೆ ಎಂದಿದ್ದಳು ಅರ್ಚನ. ಹಾಳೆಯ ಮೇಲೆ 'ಇಂಗುವಿಕೆ ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದಳು. ಬರೆದದ್ದು ಸಾಲದೆಂಬಂತೆ ಆ ವಾರದ ಸಭೆಯಲ್ಲಿ ಎದ್ದು ನಿಂತು ಹೇಳಿಯೂ ಹೇಳಿದಳು.

ಆ ಸಭೆಯಲ್ಲಿ ಎದ್ದು ನಿಲ್ಲಲು ಕಾರಣವಿತ್ತು. ಅದಕ್ಕೂ ಹಿಂದಿನ ಸಭೆಯಲ್ಲಿ ವಿನ್ಯಾಸ ಮಾಡಿದವರು ಪರದೆಯ ಮೇಲೆ ಹೂಬಿಟ್ಟ ಮರಗಳನ್ನು ತೋರಿಸುತ್ತಿದ್ದಾಗ ಅವಳು ತಬೂಬಿಯಾ ಎಂಬ ಮರದ ಹೆಸರನ್ನು ಎಲ್ಲೋ ಒತ್ತಿ ಎಲ್ಲೋ ಬಿಟ್ಟು ಹೇಳಿ, ಶ್ರೀಧರ್ ಅದನ್ನು ಹಾಗೆಯೇ ಅವಳ ರಾಗದಲ್ಲೇ ತಿರುಗಿ ಹೇಳಿ, ಮೇಜಿನ ಸುತ್ತ ಎಲ್ಲರೂ ನಕ್ಕಿದ್ದರು. ಕೆಟ್ಟ ನಗುವಲ್ಲ, ಅದೇ ಕಷ್ಟ. ಕೆಟ್ಟ ನಗುವಾಗಿದ್ದರೆ ಸಿಟ್ಟಾದರೂ ಆಗಬಹುದಿತ್ತು. ಮಣ್ಣಿನ ವಿಷಯ ಹೇಳಿದ ದಿನ ಶ್ರೀಧರ್ ನಗಲಿಲ್ಲ. ಕನ್ನಡಕ ತೆಗೆದು, ನೋಡಿ, ಹಳ್ಳಿ ಹುಡುಗಿಗೆ ಮಣ್ಣು ಗೊತ್ತು, ನಾವು ಕಾಗದ ಓದುತ್ತೇವೆ, ಇವಳು ನೆಲ ಓದುತ್ತಾಳೆ ಎಂದರು. ಆ ಮಾತನ್ನು ಅವರು ಬೆಂಗಳೂರಿನವರಿಗೂ ಹೇಳಿದರಂತೆ. ಅವತ್ತು ರೈಲಿನಲ್ಲಿ ಬಾಗಿಲ ಬಳಿ ನಿಂತು ಊರಿಗಾಂ, ಕೋರಮಂಡಲ್ ದಾಟುವವರೆಗೂ ಅರ್ಚನ ಆ ಮಾತನ್ನು ಚಪ್ಪರಿಸಿದ್ದಳು. ಈಗ ಅದೇ ಮಾತು ಅವಳ ಕೊರಳಿಗೆ ಬಿದ್ದಿತ್ತು.

ಪಟ್ಟಿ ಹಿಡಿದು ಹೊರಟವಳನ್ನು ಚಪ್ಪಲಿ ಅಂಗಡಿಯ ಸೆಲ್ವರಾಜ್ ಅಡ್ಡಗಟ್ಟಿದ. ಅವನ ಬೋರ್ಡಿನ ಮುಂದೆ ಮರ ಬೇಕಾಗಿಲ್ಲ, ಬೇಕೇಬೇಕೆಂದರೆ ಮೊಣಕಾಲುದ್ದ ಬೆಳೆದು ನಿಲ್ಲುವಂಥದ್ದು ಕೊಡಿ ಎಂಬುದು ಅವನ ಅಹವಾಲು. ಹಾಗೆ ನಿಲ್ಲುವ ಮರ ಇನ್ನೂ ಹುಟ್ಟಿಲ್ಲ ಅಂದಳು. ಪಕ್ಕದ ಬಟ್ಟೆಯಂಗಡಿಯ ರಾಧ ನೇರಳೆ ಬೇಡ, ಹಣ್ಣು ಬಿದ್ದರೆ ಗಿರಾಕಿಗಳ ಸೀರೆ ಹಾಳು ಎಂದಳು. ಬೇವೂ ಬೇಡವಂತೆ, ಬೇವು ನೆಟ್ಟ ಮೂರನೇ ವರ್ಷಕ್ಕೆ ಯಾರಾದರೂ ಅರಿಸಿನ ಕುಂಕುಮ ಇಟ್ಟುಬಿಡುತ್ತಾರೆ, ಆಮೇಲೆ ಒಂದು ಕೊಂಬೆ ಕಡಿಯುವುದಕ್ಕೂ ಊರೆಲ್ಲ ಸೇರಬೇಕು. ಹೊಂಗೆ ಆಗಬಹುದು ಎಂದು ಮೂವರು ಒಪ್ಪಿದರು, ನಾಲ್ಕನೆಯವನು ಹೊಂಗೆಯ ಕೆಳಗೆ ಆಟೊಗಳು ಬಂದು ನಿಲ್ಲುತ್ತವೆ ಎಂದ. ನೆರಳು ಎಲ್ಲರಿಗೂ ಬೇಕು, ಮರ ಮಾತ್ರ ಪಕ್ಕದವನ ಅಂಗಡಿಯ ಮುಂದಿರಬೇಕು. ಬೇರೆ ದಿನವಾಗಿದ್ದರೆ ಅರ್ಚನ ಇದನ್ನೆಲ್ಲ ಮನಸ್ಸಿನಲ್ಲೇ ಕೂಡಿಟ್ಟುಕೊಂಡು ರಾತ್ರಿ ಅಮ್ಮನಿಗೆ ಹೇಳಿ ನಗಿಸುತ್ತಿದ್ದಳು. ಇವತ್ತು ಹೊಂಗೆ, ಹೂವರಸಿ, ಹೊಂಗೆ, ಆಕಾಶಮಲ್ಲಿಗೆ ಎಂದು ಬರೆಯುತ್ತಾ ಹೋದಳು, ಪ್ರತಿ ಸಾಲಿಗೂ ಕಣ್ಣು ಬೇಕರಿಯ ಕಡೆ ಓಡುತ್ತಿತ್ತು. ಅಲ್ಲಿ ಯಾರಾದರೂ ಕೂತಿದ್ದಾರೆಯೆ. ಇಲ್ಲ. ಈಗ ಇಲ್ಲ. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದು ಬಿಳಿ ಧೂಳು ಬೀದಿಯ ಮೇಲೆ ತೆಳುವಾಗಿ ಇಳಿಯತೊಡಗಿತು. ಪಟ್ಟಿಯ ಮೇಲೂ ಬಿತ್ತು. ಅಂಗೈಯಿಂದ ಒರೆಸಿದಾಗ ಹದಿನಾರನೆಯ ಸಾಲಿನ ಹೊಂಗೆ ಮಸಕಾಯಿತು.

ಹದಿನಾರಾದ ಮೇಲೆ ಹದಿನೆಂಟು. ನಡುವಿನದನ್ನು ಅವಳೇ ಹೊಡೆದುಹಾಕಿದ್ದಳು.

ಹದಿನೆಂಟು ದಿನದ ಕೆಳಗೆ ಕುಪ್ಪುಸ್ವಾಮಿ ಹಾರೆ ಹಿಡಿದುಕೊಂಡು ಆ ಹದಿನೇಳನೆಯ ಗುಂಡಿಯ ಹತ್ತಿರ ನಿಂತಿದ್ದ. ನಂದಿದುರ್ಗ ಎಂಬ ಹೆಸರಿನ ಚಿನ್ನದ ಗಣಿಯಲ್ಲಿ ಚಾವಣಿ ಬೀಳದಂತೆ ಮರದ ಆಸರೆ ಕಟ್ಟುವ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದ ಮುದುಕ. ಗಣಿ ಮುಚ್ಚಿದ ಮೇಲೂ ಕಾರ್ಮಿಕರ ಲೈನಿನ ಮನೆಯಿಂದ ದಿನಾ ಬೆಳಿಗ್ಗೆ ಇಲ್ಲಿಯವರೆಗೆ ನಡೆದು ಬಂದು ಬೇಕರಿಯ ಟೀ ಕುಡಿದು ಹೋಗುವುದು ಅವನ ರೂಢಿ. ಹಾರೆಯ ತುದಿಯಿಂದ ಗುಂಡಿಯ ಪಕ್ಕ ನೆಲಕ್ಕೆ ಒಂದು ಪೆಟ್ಟು ಕೊಟ್ಟು, ಕತ್ತು ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದ. ಒಂದು ಹೆಜ್ಜೆ ಸರಿದು ಇನ್ನೊಂದು ಪೆಟ್ಟು. ಗಟ್ಟಿ ಕಲ್ಲು ಗಂಟೆಯ ಹಾಗೆ ಉತ್ತರ ಕೊಡುತ್ತದೆ, ಸಡಿಲವಾದದ್ದು ಮಂಕಾಗಿ ಕೊಡುತ್ತದೆ. ಕೆಳಗೆ ದಿನಾ ಪಾಳಿ ಶುರುವಾಗುವ ಮೊದಲು ಹೀಗೆ ತಟ್ಟಿ ಕೇಳಿಯೇ ಒಳಗೆ ಕಾಲಿಡುತ್ತಿದ್ದರಂತೆ. ಅರ್ಚನ ಹೆಮ್ಮೆಯಿಂದಲೇ ಅವನಿಗೂ ಹೇಳಿದ್ದಳು, ತಾತ, ಇದು ಚೆನ್ನಾಗಿ ನೀರು ಕುಡಿಯುವ ನೆಲ ಎಂದು. ಕುಪ್ಪುಸ್ವಾಮಿ ನಗಲಿಲ್ಲ, ಹಾರೆಯ ತುದಿಯನ್ನು ಗುಂಡಿಯ ತಳಕ್ಕೆ ತೋರಿಸಿದ.

"ಅದು ಬಂದು, ಮಣ್ಣು ಕುಡೀತಿಲ್ಲ ಮ್ಮಾ. ನೀರು ಹೋಗ್ತಾ ಇದೆ. ಹೋಗೋಕೆ ಕೆಳಗೆ ಜಾಗ ಇದ್ರೆ ತಾನೇ ಹೋಗೋದು?"

ಗಣಿ ಕಂಪನಿ ಬರುವುದಕ್ಕೂ ಎಷ್ಟೋ ಕಾಲ ಮುಂಚೆ ಯಾರ್ಯಾರೋ ಚಿನ್ನಕ್ಕೆಂದು ತೋಡಿದ ಬಾವಿಗಳು ಈ ನೆಲದಲ್ಲಿವೆ, ಅವು ಯಾವ ನಕ್ಷೆಯಲ್ಲೂ ಇಲ್ಲ, ಬಾಯಿಗೆ ಮರ ಹಾಸಿ ಮಣ್ಣು ಮುಚ್ಚಿ ಬಿಟ್ಟು ಹೋದವರ ಹೆಸರೂ ಇಲ್ಲ ಎಂದು ಅವನು ಹೇಳಿದ. ಇದು ಅಂಥದ್ದೇ ಅಂತ ತಾನು ಆಣೆ ಮಾಡಲಾರೆ, ಆದರೆ ಸದ್ದು ಚೆನ್ನಾಗಿಲ್ಲ. ಮೇಲಿನವರಿಗೆ ಹೇಳಿ ಬೇಲಿ ಹಾಕಿಸು ಎಂದ. ಹೇಳುತ್ತೇನೆ ತಾತ ಎಂದಳು. ಹೇಳಬೇಕೆಂದೇ ಇದ್ದಳು. ಮಹಡಿಯ ಕಚೇರಿಯ ಮೆಟ್ಟಿಲು ಹತ್ತುವಾಗ ಮಾತನ್ನು ಜೋಡಿಸಿಕೊಂಡೂ ಇದ್ದಳು. ಒಳಗೆ ಶ್ರೀಧರ್ ಫೋನಿನಲ್ಲಿ ಯಾರಿಗೋ, ಇಲ್ಲ ಇಲ್ಲ, ನಮ್ಮ ಅರ್ಚನ ಇದ್ದಾಳೆ, ನೆಲ ಓದುತ್ತಾಳೆ ಎನ್ನುತ್ತಿದ್ದರು. ತಾತ ಮುತ್ತಾತರ ಕಾಲದಿಂದ ನೆಲದ ಕೆಳಗಿಳಿದು ಬದುಕಿದ ಊರಿನಲ್ಲಿ ನಿಂತು, ಒಂದು ಟೊಳ್ಳನ್ನು ಅತ್ಯುತ್ತಮ ಮಣ್ಣೆಂದು ಬರೆದು ಸಹಿ ಹಾಕಿದವಳು ಇವಳು. ಹೇಳಿದರೆ ಮತ್ತೆ ನಗುತ್ತಾರೆ, ಆ ನಗು ಈ ಸಲ ಮೇಜಿನ ಸುತ್ತ ನಿಲ್ಲುವುದಿಲ್ಲ. ಟೀ ಅಂಗಡಿಗೆ ಇಳಿಯುತ್ತದೆ, ಬೆಂಗಳೂರಿಗೆ ಹೋಗುತ್ತದೆ, ಬಂಗಾರಪೇಟೆಯ ರೈಲು ಹತ್ತಿ ಅವಳ ಜೊತೆಗೇ ಊರಿಗೂ ಬರುತ್ತದೆ. ಏನಾದರೂ ಕೆಲಸವಿತ್ತೇ ಎಂದು ಕೇಳಿದರು ಶ್ರೀಧರ್. ಹದಿನೇಳರಲ್ಲಿ ಮರ ಬೇಡ ಸರ್, ಬೇಕರಿಯ ಮುಂದೆ ಜನ ನಿಲ್ಲುವ ಜಾಗ, ಬೆಂಚು ಒಳ್ಳೆಯದು ಎಂದಳು. ಭೇಷ್ ಎಂದರು.

ಆಗ ಅವಳಿಗೆ ಅದು ಬುದ್ಧಿವಂತಿಕೆ ಅನ್ನಿಸಿತ್ತು. ಮರ ಹಾಕಿದರೆ ನೀರುಣಿಸಬೇಕು, ನೀರು ಹೋಗುತ್ತಲೇ ಇರುತ್ತದೆ, ಮರ ಒಣಗುತ್ತದೆ, ಏಕೆಂದು ಕೇಳುತ್ತಾರೆ. ಬೆಂಚು ಒಣಗುವುದಿಲ್ಲ. ಗುಂಡಿಗೆ ಕಲ್ಲುಮಣ್ಣು ತುಂಬಿಸಿ ಕಾಂಕ್ರೀಟ್ ಹಾಸಿದರೆ ಮುಚ್ಚಿಹೋಯಿತು. ತುಂಬಿಸುವಾಗ ಎರಡು ಟ್ರ್ಯಾಕ್ಟರ್ ಮಣ್ಣು ಹೆಚ್ಚಿಗೆ ಹಿಡಿಯಿತು ಎಂದು ಕೆಲಸದವರು ಹೇಳಿದ್ದನ್ನು ಕೇಳಿಸಿಕೊಂಡೂ ಕೇಳದ ಹಾಗಿದ್ದಳು. ಆರು ಜನ ಹಗ್ಗ ಕಟ್ಟಿ ಏದುಸಿರುಬಿಡುತ್ತಾ ಕೋಲಾರದ ಕಲ್ಲಿನ ಬೆಂಚನ್ನು ಅದರ ಮೇಲೆ ಇಳಿಸಿದ ದಿನವಷ್ಟೇ ಅವಳಿಗೆ, ತಾನು ಒಂದು ಎಳೆಯ ಸಸಿಯ ಬದಲು ಹತ್ತು ಮಂದಿಯ ತೂಕದ ಕಲ್ಲನ್ನು, ಅದರ ಮೇಲೆ ಕೂರುವ ಜನರನ್ನು ಅಲ್ಲಿ ಇಟ್ಟೆ ಎಂಬುದು ಹೊಳೆದದ್ದು. ಅವತ್ತು ಸಂಜೆ ಕುಪ್ಪುಸ್ವಾಮಿ ಬೆಂಚನ್ನು ನೋಡಿ, ಹೇಳಿದೆಯಾ ಎಂದು ಕೇಳಿದ್ದ. ಹೇಳಿದೆ ತಾತ, ಯಂತ್ರ ತಂದು ಪರೀಕ್ಷೆ ಮಾಡಿದ್ದಾರೆ, ಏನೂ ಇಲ್ಲವಂತೆ ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮುದುಕ ತಲೆಯಾಡಿಸಿದ. ಮರುದಿನ ಗಾಜಿನ ಪಟ್ಟಿಯೊಂದಿಗೆ ಬಂದ. ಗಣಿಯಲ್ಲಿ ಆಸರೆಯ ಮರ ಮುರಿಯುವ ಮೊದಲು ಕಿರುಗುಟ್ಟುತ್ತದೆ, ಓಡುವುದಕ್ಕೆ ಹೊತ್ತು ಕೊಡುತ್ತದೆ. ಸಿಮೆಂಟು ಬಾಯಿಬಿಡುವುದಿಲ್ಲ, ಅದಕ್ಕೆ ಗಾಜು ಎಂದು ಸಿಮೆಂಟು ಮೆತ್ತುತ್ತಾ ವಿವರಿಸಿದ. ಅಂದಿನಿಂದ ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದಕ್ಕೆ ಅವಳು ಗಾಜು ನೋಡದೆ ಇದ್ದದ್ದಿಲ್ಲ. ಇಡಿಯಾಗಿದೆ. ಇವತ್ತೂ ಇಡಿಯಾಗಿದೆ. ಬೆಳಗಿನ ರೈಲು ಕೋರಮಂಡಲ್ ದಾಟಿದೊಡನೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಗಾಜು ಕಂಡ ಮೇಲೆಯೇ ಕೆಲಸದ ಹಾಳೆ ತೆಗೆಯುತ್ತಿದ್ದಳು.

"ಗಾಜು ಎಲ್ಲಿ ಮ್ಮಾ?"

ಕುಪ್ಪುಸ್ವಾಮಿ ಹತ್ತು ಗಂಟೆಯ ಟೀಗೆ ಬಂದಿದ್ದ. ಹಾರೆಯನ್ನು ಊರುಗೋಲಿನಂತೆ ಊರಿಕೊಂಡು ಬಿರುಕಿನ ಮುಂದೆ ಕುಕ್ಕರಿಸಿದ್ದ. ಅರ್ಚನ ಪಟ್ಟಿಯಿಂದ ಕಣ್ಣೆತ್ತದೆ, ಹುಡುಗರು ಕಿತ್ತಿರಬೇಕು ತಾತ ಎಂದಳು. ಅವನು ಸಿಮೆಂಟಿನ ಉಂಡೆಗಳಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಹುಡುಗರು ಗಾಜು ಕೀಳುತ್ತಾರೆ, ಸಿಮೆಂಟು ಯಾಕೆ ಕೀಳುತ್ತಾರೆ ಎಂದು ಅವನು ಕೇಳಲಿಲ್ಲ. ಕೇಳುತ್ತಾನೆಂದು ಅವಳು ಕಾಯುತ್ತಿದ್ದಳು. ಬಿರುಕಿಗೆ ಬೆರಳಿನ ಉಗುರು ಹಾಕಿ ನೋಡಿದ. ನಿನ್ನೆ ಉಗುರು ಹೋಗುತ್ತಿರಲಿಲ್ಲ ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಮನೆಗೆ ಹೋಗಿ ಬೇರೆ ಗಾಜು ತರುತ್ತೇನೆ, ಫೋಟೊದ ಫ್ರೇಮಿನಲ್ಲಿ ಇನ್ನೂ ಅರ್ಧ ಉಳಿದಿದೆ ಎಂದ. ಯಾವ ಫೋಟೊ ಎಂದು ಕೇಳಿದಳು, ಮಾತು ಬೇರೆ ಕಡೆ ಹೋಗಲಿ ಎಂದು. ಪಾಳಿಯವರೆಲ್ಲ ಸೇರಿ ತೆಗೆಸಿಕೊಂಡದ್ದು, ಹದಿನಾರು ಜನ, ಈಗ ತಾನು ಮತ್ತು ಇನ್ನೊಬ್ಬ ಇದ್ದೇವೆ, ಫೋಟೊಗೆ ಗಾಜು ಇಲ್ಲದಿದ್ದರೂ ನಡೆಯುತ್ತದೆ ಎಂದ. ಅಲ್ಲಿಯವರೆಗೆ ಯಾರನ್ನೂ ಕೂರಿಸಬೇಡ ಎಂದು ಹೇಳಿ ನಡೆದ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ಅರ್ಚನಳ ಕೈ ಬ್ಯಾಗಿನ ಮೇಲೇ ಇತ್ತು. ಕರೆದು ತೋರಿಸಿಬಿಡಲೇ ಎನ್ನಿಸಿತು. ಸಂಜೆಯವರೆಗೆ ಅಲ್ಲವೇ, ಫೋಟೊ ಒಂದು ಮುಗಿಯಲಿ, ನಾಳೆ ಏನಾದರೂ ನೆಪ ಹೇಳಿ ಬೆಂಚನ್ನೇ ಎತ್ತಿಸುತ್ತೇನೆ ಎಂದು ತನಗೆ ತಾನೇ ಮಾತುಕೊಟ್ಟಳು. ಬೇಕರಿಯವನಿಗೆ ಬೆಂಚಿಗೆ ಹಗ್ಗ ಸುತ್ತಲು ಹೇಳೋಣವೆಂದು ಹೋದವಳು, ಯಾಕೆ ಎಂದು ಕೇಳಿದರೆ ಏನೆನ್ನುವುದು ಎಂದು ತೋಚದೆ, ಎರಡು ಬನ್ನು ಕೊಂಡು ವಾಪಸು ಬಂದಳು.

ಒಂದು ಗಂಟೆಗೆ ಮಹಡಿಯ ಕಚೇರಿಯಲ್ಲಿ ಡಬ್ಬಿ ತೆಗೆದಾಗ ಕರವಸ್ತ್ರದ ಗಂಟೂ ಜೊತೆಗೇ ಬಂತು. ಅದನ್ನು ಮತ್ತೆ ಒಳಗೆ ತಳ್ಳಿ, ಚಿತ್ರಾನ್ನದ ಮೊದಲ ತುತ್ತು ಬಾಯಿಗಿಟ್ಟುಕೊಂಡು ಕಿಟಕಿಯ ಹತ್ತಿರ ಹೋದಳು. ಕೆಳಗೆ, ರಸ್ತೆಯ ಆ ಕಡೆ, ಮುನಿಲಕ್ಷ್ಮಿ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಗುಂಡಿಗಳಿಗೆ ಗೊಬ್ಬರ ಹೊತ್ತು ಹಾಕಿದ ಹೆಂಗಸು. ಕಾಲೆರಡನ್ನೂ ಬೆಂಚಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ, ಸ್ಟೀಲಿನ ಡಬ್ಬಿಯಿಂದ ಮುದ್ದೆ ಮುರಿಯುತ್ತಿದ್ದಳು. ಬೆಂಚು ಬಂದ ಮೇಲೆ ದಿನಾ ಇಲ್ಲೇ ಉಣ್ಣುವುದು. ನಲವತ್ತು ವರ್ಷದಲ್ಲಿ ಊಟಕ್ಕೆ ನೆಲ ಬಿಟ್ಟು ಮೇಲೆ ಕೂತದ್ದು ಇದೇ ಮೊದಲು ಎಂದು ಒಂದು ದಿನ ತಮಾಷೆ ಮಾಡಿದ್ದಳು. ಅರ್ಚನಳ ಬಾಯೊಳಗಿನ ಅನ್ನ ಹಾಗೇ ನಿಂತಿತು. ಕಿರುಚಬೇಕು. ಏನೆಂದು? ಎದ್ದೇಳಿ ಎಂದರೆ ಸಾಕು. ಯಾಕೆಂದರೆ? ಬಿಸಿಲು ಎನ್ನಬಹುದು, ಆದರೆ ಬೇಕರಿಯ ತಗಡಿನ ನೆರಳು ಅವಳ ಮೇಲೇ ಇದೆ. ಅಷ್ಟರಲ್ಲಿ ಮುನಿಲಕ್ಷ್ಮಿ ತಲೆಯೆತ್ತಿ ಕಿಟಕಿಯಲ್ಲಿ ಇವಳನ್ನು ಕಂಡು, ಸಾರು ಮೆತ್ತಿದ ಕೈಯನ್ನೇ ಎತ್ತಿ, ಊಟ ಆಯಿತಾ ಎಂದು ಕೇಳುವ ಹಾಗೆ ಆಡಿಸಿದಳು. ಅರ್ಚನಳ ಕೈಯೂ ಎದ್ದಿತು. ಎದ್ದು, ಆಡಿತು.

ಆಮೇಲೆ ಅವಳು ಮೆಟ್ಟಿಲಿಳಿದಳು, ಅದು ನಿಜ. ಕೈ ತೊಳೆಯದೆ, ಚಪ್ಪಲಿ ಮೆಟ್ಟದೆ ಇಳಿದಳು. ಕೊನೆಯ ಮೆಟ್ಟಿಲಿನಲ್ಲಿದ್ದಾಗ ಫೋನ್ ಬಂತು. ಶ್ರೀಧರ್. ಅಧಿಕಾರಿ ಕಲ್ಪನ ಮೇಡಂ ಬಂಗಾರಪೇಟೆ ದಾಟಿದ್ದಾರೆ, ಮೂರಕ್ಕೆ ಸಸಿ, ಆಮೇಲೆ ಬೇಕರಿಯ ಮುಂದಿನ ಬೆಂಚಿನಲ್ಲೇ ಫೋಟೊ, ಹಿಂದೆ ಹಳೆಯ ಕಟ್ಟಡ ಚೆನ್ನಾಗಿ ಬರುತ್ತದೆ. "ನೀವೂ ಮೇಡಂ ಪಕ್ಕದಲ್ಲಿ ಕೂರ್ಬೇಕು ಅರ್ಚನ. ನಿಮ್ಮ ಗುತ್ತಿಗೆ ರಿನ್ಯೂವಲ್ ಬಗ್ಗೆ ಅವರ ಹತ್ರಾನೇ ಒಂದು ಮಾತು ಹಾಕ್ತೀನಿ," ಎಂದರು. ಆಗಲಿ ಸರ್ ಎಂದಳು. ಬಾಗಿಲ ಸಂದಿಯಿಂದ ಬೆಂಚು ಕಾಣುತ್ತಿತ್ತು. ಮುನಿಲಕ್ಷ್ಮಿ ಉಂಡು ಮುಗಿಸಿ, ಡಬ್ಬಿಯನ್ನು ತಲೆಯ ಕೆಳಗಿಟ್ಟುಕೊಂಡು, ಸೆರಗು ಮುಖಕ್ಕೆ ಹೊದ್ದು ಬೆಂಚಿನ ಉದ್ದಕ್ಕೂ ಮಲಗಿದಳು. ಅರ್ಚನ ಅಲ್ಲೇ ನಿಂತು ನೋಡುತ್ತಿದ್ದಳು. ಏನೂ ಆಗಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ, ಏನೂ ಆಗಲಿಲ್ಲ. ಪ್ರತಿ ನಿಮಿಷಕ್ಕೂ ಅವಳಿಗೆ ಮುನಿಲಕ್ಷ್ಮಿಯ ಮೇಲೆ ಕೃತಜ್ಞತೆಯೂ ಅದರ ಬೆನ್ನಿಗೇ ಸಿಟ್ಟೂ ಬರುತ್ತಿತ್ತು. ಇಷ್ಟು ಬೀದಿಯಲ್ಲಿ, ಒಂಬತ್ತು ಬೆಂಚುಗಳಲ್ಲಿ, ಇವಳಿಗೆ ಇದೇ ಬೇಕೇ. ಆಮೇಲೆ ಆ ಸಿಟ್ಟಿಗೆ ತಾನೇ ಹೇಸಿದಳು. ಮೇಲೆ ಹೋಗಿ ಡಬ್ಬಿಯ ಅನ್ನವನ್ನು ಕಸದ ಬುಟ್ಟಿಗೆ ಸುರಿದು, ಪಟ್ಟಿಯನ್ನು ಶುದ್ಧವಾಗಿ ಬರೆದಳು. ಹದಿನೇಳು ಇಲ್ಲದೆ ಇಪ್ಪತ್ತಾರರವರೆಗೆ ಸರಿಯಾಗಿ ಇಪ್ಪತ್ತೈದು ಮರ. ಅಕ್ಷರ ಎಲ್ಲೂ ನಡುಗಿರಲಿಲ್ಲ.

ಕಲ್ಪನ ಮೇಡಂ ಅರ್ಚನ ಅಂದುಕೊಂಡಂತಿರಲಿಲ್ಲ. ಗಟ್ಟಿಯಾಗಿ ಮಾತಾಡುವ, ಧೂಳಿಗೆ ಮೂಗು ಮುರಿಯದ, ಸಸಿ ನೆಡುವಾಗ ಕ್ಯಾಮರಾಕ್ಕೆ ಬೆನ್ನು ಹಾಕಿ ನಿಜವಾಗಿಯೂ ಮಣ್ಣು ತುಳಿದ ಹೆಂಗಸು. ಮೊದಲ ಗುಂಡಿಗೆ ಹೊಂಗೆ ಬಿತ್ತು, ಅಂಗಡಿಯವರು ಚಪ್ಪಾಳೆ ತಟ್ಟಿದರು, ಸೆಲ್ವರಾಜ್ ಎಲ್ಲರಿಗಿಂತ ಜೋರಾಗಿ ತಟ್ಟಿದ, ಏಕೆಂದರೆ ಅದು ಅವನ ಬೋರ್ಡಿನ ಮುಂದಿರಲಿಲ್ಲ. ಗುಂಪು ಬೇಕರಿಯ ಕಡೆ ಸರಿಯಿತು. ಅಲ್ಲಿ ಕುಪ್ಪುಸ್ವಾಮಿ ನಿಂತಿದ್ದ, ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಪೇಪರಿನಲ್ಲಿ ಸುತ್ತಿದ ಗಾಜು. ಅವನು ಯಾರನ್ನೂ ತಡೆಯಲಿಲ್ಲ. ಯಂತ್ರ ತಂದು ನೋಡಿದ್ದಾರೆ ಎಂದು ಇವಳೇ ಹೇಳಿದ್ದಳಲ್ಲ. ಬರೀ ಇವಳ ಮುಖವನ್ನೇ ನೋಡುತ್ತಿದ್ದ. ಶ್ರೀಧರ್ ಫೋಟೊದವನಿಗೆ ಜಾಗ ತೋರಿಸಿ, ಮೇಡಂಗೆ ಬೆಂಚಿನ ಕಡೆ ಕೈಮಾಡಿ, ಹೇಳಿದ್ದೆನಲ್ಲ ಮೇಡಂ, ನೆಲ ಓದುವ ನಮ್ಮ ಹುಡುಗಿ, ಈ ಜಾಗ ಆರಿಸಿದ್ದು ಇವಳೇ ಎಂದರು. "ಹಾಗಾದ್ರೆ ಮೊದ್ಲು ನೀವು ಕೂತ್ಕೊಳ್ಳಿ, ಆಮೇಲೆ ನಾನು," ಎಂದರು ಕಲ್ಪನ.

ಅರ್ಚನ ಮುಂದೆ ಹೆಜ್ಜೆಯಿಟ್ಟಳು. ಕೂರಬೇಕೆಂದೇ ಇಟ್ಟದ್ದು. ಕೂತುಬಿಟ್ಟರೆ ಮುಗಿಯಿತು, ಎಲ್ಲರೂ ಕೂರುವ ಜಾಗದಲ್ಲಿ ತಾನೂ ಕೂತ ಹಾಗಾಯಿತು, ಆಮೇಲೆ ಏನಾದರೂ ತನಗೂ ಆಗುತ್ತದೆ, ಅದರಲ್ಲೊಂದು ನ್ಯಾಯವಾದರೂ ಇರುತ್ತದೆ ಎಂದುಕೊಂಡಳು. ಕಾಂಕ್ರೀಟ್ ಹಾಸಿನ ಅಂಚಿಗೆ ಬಂದು ಕಾಲು ನಿಂತಿತು. ಮನಸ್ಸು ಕೂರು ಎನ್ನುತ್ತಿತ್ತು, ಕಾಲು ಎತ್ತಲಾಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಶ್ರೀಧರ್ ಕೂತ್ಕೊಳ್ಳಿ ಅರ್ಚನ ಎಂದರು, ನಗುತ್ತಾ. ಇನ್ನೊಮ್ಮೆ ಎಂದರು, ನಗದೆ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಮುನಿಲಕ್ಷ್ಮಿ ಬಂದಳು. ಮೇಡಮ್ಮನಿಗೆ ನಾಚಿಕೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸೆರಗಿನಿಂದ ಬೆಂಚಿನ ಧೂಳನ್ನು ಒರೆಸಿ, ಇವಳ ನಾಚಿಕೆ ಬಿಡಿಸಲೆಂದೇ ತಾನು ಮೊದಲು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. "ಬನ್ನಿ ಮೇಡಮ್ಮೋರೇ, ಕುಂತ್ಕಳ್ಳಿ. ನಾನ್ ದಿನಾ ಕುಂತ್ಕಣಾ ಜಾಗ, ಏನೂ ಆಗಕಿಲ್ಲ."

ಆ ಅಂಗೈಯ ಸದ್ದು ಕಲ್ಲಿನ ಮೇಲೆ ಆಗಿ, ಕಲ್ಲಿನ ಕೆಳಗೆ ಇನ್ನೊಮ್ಮೆ, ಮಂಕಾಗಿ, ತಡವಾಗಿ ಆಯಿತು. ಅಥವಾ ಅವಳಿಗೊಬ್ಬಳಿಗೆ ಹಾಗೆ ಕೇಳಿಸಿತೋ. ಕುಪ್ಪುಸ್ವಾಮಿಯ ಕತ್ತು ಒಂದು ಕಡೆಗೆ ವಾಲಿತ್ತು.

"ಎದ್ದೇಳಿ ಅಕ್ಕ," ಎಂದಳು ಅರ್ಚನ. ಬ್ಯಾಗಿನೊಳಗೆ ಕೈಹಾಕಿ ಕರವಸ್ತ್ರ ತೆಗೆದಳು. ಬಿಚ್ಚುವಾಗ ಬೆರಳು ಕೊಯ್ದುಕೊಂಡಿತು. ಎರಡು ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು ಕುಪ್ಪುಸ್ವಾಮಿಯ ಕಡೆ ಚಾಚಿದಳು. ಬೆಳಿಗ್ಗೆ ಎಂಟೂವರೆಗೇ ಒಡೆದಿತ್ತು ತಾತ, ನಾನೇ ತೆಗೆದಿಟ್ಟೆ ಎಂದಳು. ಯಂತ್ರ ಬರಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ, ನಾನು ಯಾರಿಗೂ ಹೇಳಲೇ ಇಲ್ಲ ಎಂದಳು. ಇದರ ಕೆಳಗೆ ಟೊಳ್ಳಿದೆ, ಹದಿನೆಂಟು ದಿನದಿಂದ ಗೊತ್ತು ಎಂದಳು. ಒಂದಾದ ಮೇಲೊಂದು ವಾಕ್ಯಗಳು ತಾವಾಗಿಯೇ ಬಂದವು, ಯಾವುದೂ ಅವಳು ಹೆದರಿದ್ದಷ್ಟು ಉದ್ದವಿರಲಿಲ್ಲ. ಶ್ರೀಧರ್ ಹತ್ತಿರ ಬಂದು ಹಲ್ಲು ಕಚ್ಚಿ, ಇದನ್ನೆಲ್ಲ ಒಳಗೆ ಮಾತಾಡೋಣ ಎಂದರು. ಕುಪ್ಪುಸ್ವಾಮಿ ಅವರನ್ನು ಕೇಳಿಸಿಕೊಳ್ಳಲಿಲ್ಲ. ಹಾರೆಯನ್ನು ಎರಡೂ ಕೈಯಲ್ಲಿ ಅಡ್ಡವಾಗಿ ಹಿಡಿದು, ಗುಂಪನ್ನು ದನ ಹಿಂದಟ್ಟುವ ಹಾಗೆ, ಮಾತಿಲ್ಲದೆ ಹಿಂದೆ ಹಿಂದೆ ತಳ್ಳಿದ. ಕಲ್ಪನ ಮೇಡಂ ಸರಿದರು, ಫೋಟೊದವನು ಸರಿದ, ಬೇಕರಿಯೊಳಗಿದ್ದವರು ಹಿಂಬಾಗಿಲಿಂದ ಹೊರಬಿದ್ದರು. ಬೀದಿಯ ನಡುವೆ ಖಾಲಿ ಜಾಗವಾಯಿತು. ಬೆಂಚಿನ ಮೇಲೆ ಮುನಿಲಕ್ಷ್ಮಿ ಒಬ್ಬಳೇ ಉಳಿದಳು.

ಅವಳು ಎದ್ದಿರಲಿಲ್ಲ. ಹೆದರಿದಂತೆಯೂ ಕಾಣಲಿಲ್ಲ. ಅರ್ಚನಳ ಅಂಗೈಯ ಗಾಜನ್ನು ನೋಡಿ, ಆಮೇಲೆ ರಸ್ತೆಯ ಆಚೆಯ ಮಹಡಿಯ ಕಿಟಕಿಯನ್ನು ನೋಡಿ, ಏನನ್ನೋ ಲೆಕ್ಕಹಾಕಿದಳು. ಕುಪ್ಪುಸ್ವಾಮಿ ಹಾಸಿನ ಹೊರಗೆ ನಿಂತು ಅವಳಿಗೆ ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದುಕೊಂಡಳು, ಆದರೆ ಕಣ್ಣು ಅರ್ಚನಳ ಮೇಲೇ ಇತ್ತು.

"ಬೆಳಿಗ್ಗೆ ಎಂಟೂವರೆಗಾ ಮೇಡಂ?" ಎಂದಳು ನಿಧಾನವಾಗಿ. "ಮದ್ಯಾನ ನಾನ್ ಇಲ್ಲೇ ಕುಂತು ಉಂಡೆ. ನೀವು ಕಿಟಕೀಲಿ ನಿಂತಿದ್ರಿ. ನಾನ್ ಕೈ ಎತ್ತಿದ್ದಕ್ಕೆ ನೀವೂ ಕೈ ಎತ್ತಿದ್ರಿ."

"ಹೌದು ಅಕ್ಕ," ಎಂದಳು ಅರ್ಚನ. "ಎತ್ತಿದೆ."